ಕಡಲಿನ ಕಾವಲು ನಡೆಯುವುದು ದಕ್ಕೆಯಲ್ಲಿ

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಭೂಮಿಯ ಮುಕ್ಕಾಲು ಪಾಲಿನಷ್ಟು ನೀರೇ ಇರುವಾಗ ಮನುಷ್ಯನ ಬಳಕೆಯಿಂದ ಸಮುದ್ರಕ್ಕೆ ಆಗುವ ನಷ್ಟವೆಷ್ಟು, ಯಾರದೂ ಅಲ್ಲದ ಆ ನೀರನ್ನು ಕಾಯುವುದು ಯಾರ ಕೆಲಸ, ಬೆಂಗಳೂರಿನಲ್ಲಿ ಕುಳಿತ ನಿಮ್ಮಂಥವರು ಇದರಲ್ಲಿ ಮಾಡುವಂಥದ್ದು ಏನಾದರೂ ಇದೆಯೇ. ನಾನು ವಿಜ್ಞಾನಿಯಲ್ಲ. ಮಲ್ಪೆ ಬಂದರಿನಲ್ಲಿ ಮೀನು ಹರಾಜಿನ ಲೆಕ್ಕ ಬರೆಯುವವನು. ಬೋಟಿನಲ್ಲಿ ದುಡಿದವರ ಮನೆಯಲ್ಲಿ ಹುಟ್ಟಿದರೂ ನನ್ನ ದುಡಿಮೆ ಇರುವುದು ದಕ್ಕೆಯ ಮೇಲೆ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಯ ಮೇಲೆ. ಆದ್ದರಿಂದ ಇದು ದಡದಲ್ಲಿ ನಿಂತವನಿಗೆ ಕಂಡ ಉತ್ತರ. ಆದರೆ ಕಡಲನ್ನು ಕಾಯುವ ಕೆಲಸದಲ್ಲಿ ದಡದ ಪಾಲೇ ದೊಡ್ಡದು ಎಂದು ನಾನು ನಂಬಿದ್ದೇನೆ, ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಮೊದಲು ‘ಅಷ್ಟು ದೊಡ್ಡದು’ ಎಂಬ ಮಾತಿನ ವಿಚಾರ. ಸಮುದ್ರ ದೊಡ್ಡದು, ನಿಜ. ಮೀನಿರುವ ಸಮುದ್ರ ಅಷ್ಟು ದೊಡ್ಡದಲ್ಲ. ನಡುಗಡಲಿನಲ್ಲಿ ಬಿಸಿಲು ಬೀಳುವ ಮೇಲ್ಪದರಕ್ಕೆ ಪೋಷಕಾಂಶವಿಲ್ಲ, ಪೋಷಕಾಂಶ ತುಂಬಿರುವ ಆಳಕ್ಕೆ ಬಿಸಿಲಿಲ್ಲ. ಎರಡೂ ಒಂದಕ್ಕೊಂದು ಸಿಗುವುದು ಹೆಚ್ಚಾಗಿ ದಡಕ್ಕೆ ತಾಗಿಕೊಂಡಿರುವ, ಇನ್ನೂರು ಮೀಟರಿಗಿಂತ ಕಡಿಮೆ ಆಳದ ಪಟ್ಟಿಯಲ್ಲಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮುಂಗಾರಿನ ಗಾಳಿ ಮೇಲಿನ ನೀರನ್ನು ಆಚೆಗೆ ಸರಿಸಿದಾಗ ತಳದ ತಣ್ಣನೆಯ ನೀರು ಮೇಲೇಳುತ್ತದೆ, ಪ್ಲಾಂಕ್ಟನ್ ಎಂಬ ಸೂಕ್ಷ್ಮ ಜೀವಿಗಳು ಹುಲುಸಾಗಿ ಬೆಳೆಯುತ್ತವೆ, ಅವನ್ನು ಮೇಯಲು ಬೂತಾಯಿ, ಬಂಗುಡೆ ಮೀನುಗಳ ಹಿಂಡು ದಡದ ಹತ್ತಿರ ಬರುತ್ತದೆ. ಊರ ತುಂಬ ಜಮೀನಿದ್ದರೂ ಅನ್ನ ಕೊಡುವುದು ಕೆರೆಯ ಕೆಳಗಿನ ನಾಲ್ಕು ಗದ್ದೆ ಎಂಬಂತಹ ವ್ಯವಹಾರ ಇದು. ಆ ನಾಲ್ಕು ಗದ್ದೆ ಬರಿದಾದರೆ ಏನಾಗುತ್ತದೆ ಎಂದು ತಿಳಿಯಲು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆ ನೋಡಬೇಕು. ಶತಮಾನಗಳ ಕಾಲ ಯುರೋಪಿಗೆ ಕಾಡ್ ಮೀನು ಕೊಟ್ಟ ಕಡಲು ಅದು. ಚೀಲದಂಥ ಬಲೆ ಎಳೆದುಕೊಂಡು ಹೋಗುವ, ಕಾರ್ಖಾನೆಯಂಥ ಟ್ರಾಲರುಗಳು ಕೆಲವೇ ದಶಕಗಳಲ್ಲಿ ಅದನ್ನು ಗುಡಿಸಿಹಾಕಿದವು. 1992ರಲ್ಲಿ ಸರ್ಕಾರ ಮೀನುಗಾರಿಕೆಯನ್ನೇ ನಿಲ್ಲಿಸಿತು, ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷಕ್ಕೆಂದು ಹಾಕಿದ ಆ ತಡೆಯನ್ನು ತೆಗೆದದ್ದು 2024ರಲ್ಲಿ.

ನಮ್ಮಲ್ಲಿ ಆ ಕಿರಿದಾದ ಪಟ್ಟಿಯ ಮೇಲೆ ಮೀನುಗಾರರು ಮಾತ್ರ ಇಲ್ಲ. ಮಂಗಳೂರಿನಿಂದ ಕಾರವಾರದವರೆಗೆ ಕರ್ನಾಟಕದ ಕರಾವಳಿ ಸುಮಾರು 300 ಕಿಲೋಮೀಟರ್. ಅಷ್ಟರೊಳಗೆ ಪಣಂಬೂರಿನ ದೊಡ್ಡ ಬಂದರು, ಅದರಾಚೆ ಸಮುದ್ರದ ನಡುವೆಯೇ ಕಚ್ಚಾ ತೈಲ ಇಳಿಸುವ ತೇಲುವ ಲಂಗರು, ಆ ತೈಲವನ್ನು ತುಂಬಿಡಲು ಮಂಗಳೂರಿನಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಸುವ ನೆಲದಡಿಯ ಗವಿಗಳು, ಕಾರವಾರದ ಅರ್ಗಾದಲ್ಲಿ ನೌಕಾನೆಲೆ, ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವ ಸ್ಕೂಬಾ ದೋಣಿಗಳು, ಕಡಲ್ಕೊರೆತ ತಡೆಯಲು ಸುರಿದ ಬಂಡೆಗಳ ಸಾಲು ಇವೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಅಂಕೋಲಾದ ಕೇಣಿಯಲ್ಲಿ ಹೊಸ ಬಂದರುಗಳ ಯೋಜನೆ ಬಂದು ಮೀನುಗಾರರು ಬೀದಿಗಿಳಿದಿದ್ದಾರೆ. ಟೊಂಕದ ಮರಳಿನಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡುತ್ತವೆ.

ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಕಚೇರಿ ಇದೆ. ಮೀನಿಗೆ ಮೀನುಗಾರಿಕೆ ಇಲಾಖೆ, ಆಮೆಗೆ ಅರಣ್ಯ ಇಲಾಖೆ, ಸಣ್ಣ ಬಂದರಿಗೆ ರಾಜ್ಯದ ಮಾರಿಟೈಂ ಬೋರ್ಡ್, ದೊಡ್ಡ ಬಂದರಿಗೆ ಕೇಂದ್ರ, ದಡದ ಕಟ್ಟಡಕ್ಕೆ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಪ್ರಾಧಿಕಾರ, ಭದ್ರತೆಗೆ ಒಳಗಡೆ ಕರಾವಳಿ ಕಾವಲು ಪೊಲೀಸ್, ಹೊರಗಡೆ ಕೋಸ್ಟ್ ಗಾರ್ಡ್. ಯಾರೂ ಕಾಯುತ್ತಿಲ್ಲ ಎಂದು ಹೇಳುವ ಹಾಗಿಲ್ಲ. ಎಲ್ಲರೂ ತಮ್ಮ ತಮ್ಮ ತುಂಡನ್ನು ಕಾಯುತ್ತಾರೆ, ತುಂಡುಗಳನ್ನು ಕೂಡಿಸಿ ಮೊತ್ತ ಬರೆಯುವವರಿಲ್ಲ. ಅಲೆ ತಡೆಯುವ ಒಂದು ಬ್ರೇಕ್‌ವಾಟರ್ ಗೋಡೆ ಕಟ್ಟಿದರೆ ಪಕ್ಕದ ಊರಿನ ಮರಳು ಯಾಕೆ ಹೋಗುತ್ತದೆ ಎಂದು ಕೇಳಿದರೆ ಅದು ಬೇರೆ ಇಲಾಖೆಯ ವಿಷಯವಾಗುತ್ತದೆ.

ಹಿಂದಿನವರು ಕಡಲನ್ನು ದೇವರೆಂದು ಕಂಡರು, ಅದಕ್ಕೇ ಅದು ಉಳಿಯಿತು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸುವ ಪೂಜೆ ಈಗಲೂ ನಡೆಯುತ್ತದೆ, ನಾನೂ ಹೋಗುತ್ತೇನೆ. ಆದರೆ ಪೂಜೆಯೇ ಮೀನನ್ನು ಉಳಿಸಿತು ಎಂಬುದನ್ನು ನಾನು ಒಪ್ಪುವುದಿಲ್ಲ. ಉಳಿಸಿದ್ದು ರಂಪಣಿ ಬಲೆಯ ಮಿತಿ.

ರಂಪಣಿ ಎಂದರೆ ದಡದಿಂದಲೇ ಎಳೆಯುವ, ಕಿಲೋಮೀಟರ್‌ಗಟ್ಟಲೆ ಉದ್ದದ ಬಲೆ. ನೀರಿನ ಬಣ್ಣ ನೋಡಿ ಮೀನಿನ ಹಿಂಡು ಗುರುತಿಸುವವರು ಇದ್ದರು. ಹಿಂಡು ಕಂಡೊಡನೆ ದೊಡ್ಡ ದೋಣಿ ಬಲೆ ಬಿಡುತ್ತಾ ಅರ್ಧಚಂದ್ರಾಕಾರದಲ್ಲಿ ಸುತ್ತುವರಿಯುತ್ತಿತ್ತು. ಆಮೇಲೆ ಎರಡೂ ತುದಿಯ ಹಗ್ಗಕ್ಕೆ ಊರಿಗೆ ಊರೇ ಕೈಹಚ್ಚುತ್ತಿತ್ತು, ಹಗ್ಗ ಹಿಡಿದವರಿಗೆಲ್ಲ ಪಾಲು ಇರುತ್ತಿತ್ತು. ಮೀನು ಹೆಚ್ಚಾದರೆ ಬಲೆಯನ್ನು ನೀರಿನಲ್ಲೇ ನಿಲ್ಲಿಸಿ ದಿನಕ್ಕಿಷ್ಟು ಎಂದು ತೆಗೆಯುತ್ತಿದ್ದರು. ಅದೂ ಮಿಕ್ಕಿದರೆ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹೋಗುತ್ತಿತ್ತು, ಅಂದರೆ ಹಿರಿಯರು ಮೀನನ್ನು ಲೆಕ್ಕವಿಟ್ಟು ಹಿಡಿದ ಸಂತರೇನೂ ಆಗಿರಲಿಲ್ಲ. ದಡಕ್ಕೆ ಬಾರದ ಮೀನು ಅವರ ಕೈಗೆ ಎಟುಕುತ್ತಿರಲಿಲ್ಲ, ಅಷ್ಟೇ. ಎಟುಕದ್ದು ಉಳಿದು ಮರಿ ಹಾಕುತ್ತಿತ್ತು.

1970ರ ದಶಕದ ಎರಡನೆಯ ಅರ್ಧದಲ್ಲಿ ಪರ್ಸಿನ್ ಬೋಟುಗಳು ಬಂದವು. ದಡಕ್ಕೆ ಬರುವ ಮೊದಲೇ ಹಿಂಡನ್ನು ಸುತ್ತುವರಿದು, ಕೆಳಗಿನ ಹಗ್ಗ ಬಿಗಿದು, ಸಂಚಿಯ ಬಾಯಿ ಕಟ್ಟಿದಂತೆ ಇಡೀ ಹಿಂಡನ್ನು ಎತ್ತುವ ಬಲೆ ಅವುಗಳದು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಗಲಾಟೆಗಳಾದವು, ರಂಪಣಿಯವರಲ್ಲಿ ಹಲವರು ಕೊನೆಗೆ ಪರ್ಸಿನ್‌ಗೇ ಪಾಲುದಾರರಾದರು. ಅವರನ್ನು ನಾನು ದೂರುವುದಿಲ್ಲ. ಮೀನು ಎಲ್ಲಿ ಹಿಡಿಯಲ್ಪಡುತ್ತದೋ ಅಲ್ಲಿಗೆ ಹೊಟ್ಟೆಯೂ ಹೋಗಬೇಕು. ಆದರೆ ಅಂದಿನಿಂದ ಬಲೆಯೊಳಗೇ ಇದ್ದ ಮಿತಿ ಹೋಯಿತು, ಮಿತಿಯನ್ನು ಕಾನೂನು ಬರೆದು ಹಾಕಬೇಕಾಯಿತು. ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರದು.

ಆ ಕಾನೂನುಗಳಲ್ಲಿ ಯಾವುದು ನಡೆಯುತ್ತದೆ, ಯಾವುದು ಕಾಗದದಲ್ಲೇ ಉಳಿಯುತ್ತದೆ ಎಂಬುದನ್ನು ನೋಡುತ್ತಾ ನನಗೊಂದು ವಿಷಯ ಹೊಳೆದಿದೆ. ದಕ್ಕೆಯಲ್ಲಿ ನಿಂತು ಪರಿಶೀಲಿಸಬಹುದಾದ ನಿಯಮ ನಡೆಯುತ್ತದೆ. ರಾತ್ರಿ ಸಮುದ್ರಕ್ಕೆ ಹೋಗಿಯೇ ತಪ್ಪಿತಸ್ಥರನ್ನು ಹಿಡಿಯಬೇಕಾದ ನಿಯಮ ನಡೆಯುವುದಿಲ್ಲ.

ಮಳೆಗಾಲದ ನಿಷೇಧ ನಡೆಯುವ ನಿಯಮ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಹೋಗುವಂತಿಲ್ಲ. 10 ಅಶ್ವಶಕ್ತಿಯ ಒಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ತೂಫಾನ್ ಎದ್ದು ಇಳಿದ ಮೇಲೆ ಸಿಗಡಿ ಸಿಗುತ್ತದೆಂದು ನಾಡದೋಣಿಯವರು ಕಾಯುತ್ತಿರುತ್ತಾರೆ. ಅನೇಕ ಜಾತಿಯ ಮೀನು ಮೊಟ್ಟೆ ಇಡುವ ಕಾಲ ಈ ಎರಡು ತಿಂಗಳು. ಈ ನಿಷೇಧವನ್ನು ಪಾಲಿಸುವಂತೆ ನೋಡಿಕೊಳ್ಳಲು ಯಾವ ಗಸ್ತು ಹಡಗೂ ಬೇಡ. ಸಾವಿರಕ್ಕೂ ಹೆಚ್ಚು ಬೋಟುಗಳು ಮಲ್ಪೆಯ ಹೊಳೆಯಲ್ಲಿ ಒಂದಕ್ಕೊಂದು ಒರಗಿ ನಿಂತಿರುವುದು ಸೇತುವೆಯ ಮೇಲೆ ಹೋಗುವವರಿಗೂ ಕಾಣುತ್ತದೆ. ಕರ ವಿನಾಯಿತಿಯ ಡೀಸೆಲ್ ನಿಲ್ಲುತ್ತದೆ, ಐಸ್ ಪ್ಲಾಂಟ್ ಬಾಗಿಲು ಹಾಕುತ್ತದೆ, ಬೋಟಿನಲ್ಲಿ ದುಡಿಯುವ ಹೊರಜಿಲ್ಲೆ ಹೊರರಾಜ್ಯಗಳ ಕಲಾಸಿಗಳು ಊರಿಗೆ ಹೋಗುತ್ತಾರೆ. ಒಬ್ಬ ಬೋಟು ಬಿಟ್ಟರೆ ಪಕ್ಕದವನೇ ಫೋನ್ ಮಾಡುತ್ತಾನೆ. ತಾನು ಸುಮ್ಮನೆ ಕುಳಿತಿರುವಾಗ ಇನ್ನೊಬ್ಬ ದುಡಿಯುವುದನ್ನು ಯಾರೂ ಸಹಿಸುವುದಿಲ್ಲ. ಈ ಹೊಟ್ಟೆಕಿಚ್ಚಿನಷ್ಟು ಒಳ್ಳೆಯ ಕಾವಲುಗಾರ ಇನ್ನೊಬ್ಬನಿಲ್ಲ.

ಇದರ ತದ್ವಿರುದ್ಧ ಬೆಳಕಿನ ಮೀನುಗಾರಿಕೆ. ಬೋಟಿನಲ್ಲಿ ಜನರೇಟರ್ ಇಟ್ಟು, ಎಲ್‌ಇಡಿ ದೀಪಗಳ ಸಾಲು ಉರಿಸಿ, ಕತ್ತಲಲ್ಲಿ ಮೀನನ್ನು ಸೆಳೆದು ಬಲೆ ಸುತ್ತುವುದು. ದೊಡ್ಡದು ಮರಿ ಎಂಬ ಭೇದವಿಲ್ಲದೆ ಬೆಳಕಿಗೆ ಬಂದದ್ದೆಲ್ಲ ಬಲೆಗೆ. ಎರಡು ಬೋಟುಗಳು ನಡುವೆ ಒಂದೇ ಬಲೆ ಕಟ್ಟಿ ಎಳೆಯುವ ಬುಲ್ ಟ್ರಾಲಿಂಗ್ ಇನ್ನೊಂದು. ಎರಡನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಇಂದಿಗೂ ನಾಡದೋಣಿಯವರ ಮನವಿಪತ್ರಗಳಲ್ಲಿ ಮೊದಲ ಬೇಡಿಕೆ ಇವೆರಡನ್ನೂ ನಿಲ್ಲಿಸಿ ಎಂಬುದೇ. ಕಾರಣ ಸುಲಭ. ರಾಜ್ಯದ ಅಧಿಕಾರ ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್. ಅಲ್ಲಿಂದ 200 ಮೈಲಿನವರೆಗೆ ಕೇಂದ್ರದ್ದು. ಆ ಹೊರ ಕಡಲಿನಲ್ಲಿ ನಮ್ಮದೇ ಬೋಟುಗಳು ಏನು ಮಾಡಬೇಕು, ಮಾಡಬಾರದು ಎಂಬ ಬಗ್ಗೆ ಸರಿಯಾದ ಕೇಂದ್ರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. 1981ರ ಕಾಯ್ದೆ ಇದ್ದದ್ದು ವಿದೇಶಿ ಹಡಗುಗಳಿಗೆ. ಇಷ್ಟೊಂದು ನೀರಿನಲ್ಲಿ ರಾತ್ರಿ ಎಲ್ಲಿ ದೀಪ ಉರಿಯುತ್ತಿದೆ ಎಂದು ಹುಡುಕಲು ಇಲಾಖೆಗೆ ಎಷ್ಟು ಗಸ್ತು ದೋಣಿ ಕೊಟ್ಟರೂ ಸಾಲದು. ಆದರೆ ಅದೇ ದೀಪ, ಅದೇ ಜನರೇಟರ್ ಹಗಲು ಹೊತ್ತು ದಕ್ಕೆಯಲ್ಲೇ ಬೋಟಿನ ಮೇಲೆ ಇರುತ್ತವೆ. ಅಲ್ಲಿ ನೋಡಲು ಹೊರಟರೆ ಟಾರ್ಚೂ ಬೇಡ. ಬಲೆಯ ಕಣ್ಣಿನ ಕಥೆಯೂ ಹೀಗೆಯೇ. ಟ್ರಾಲ್ ಬಲೆಯ ತುದಿಯ ಚೀಲಕ್ಕೆ 35 ಮಿಲಿಮೀಟರಿನ ಚೌಕ ಕಣ್ಣು ಇರಬೇಕು, ಮರಿಗಳು ನುಸುಳಿ ಹೋಗಲೆಂದು. ಅಳೆಯಲು ಒಂದು ಸ್ಕೇಲು ಸಾಕು. ಬೇಕಾದದ್ದು ಅಳೆಯುವ ಮನಸ್ಸು, ಅಳೆದ ಅಧಿಕಾರಿಯನ್ನು ಮರುವಾರ ವರ್ಗ ಮಾಡದ ಧೈರ್ಯ.

ಮರಿಮೀನು ಹಿಡಿದರೆ ಲಾಭವೇನು ಎಂದು ನೀವು ಕೇಳಬಹುದು. ಲಾಭ ಇದೆ, ಅದೂ ದಡದಲ್ಲೇ ಇದೆ. ಉಳ್ಳಾಲದಿಂದ ಮಲ್ಪೆಯ ಆಚೆಯವರೆಗೆ ಮೀನನ್ನು ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗಳಿವೆ. ತಿನ್ನಲು ಮಾರಲಾಗದ, ಜಜ್ಜಿದ, ಸಣ್ಣ ಮೀನನ್ನೆಲ್ಲ ಅವು ಟನ್ ಲೆಕ್ಕದಲ್ಲಿ ಕೊಳ್ಳುತ್ತವೆ. ಒಂದು ಕಿಲೋ ಪುಡಿಗೆ ಸುಮಾರು ನಾಲ್ಕೈದು ಕಿಲೋ ಹಸಿ ಮೀನು ಬೇಕು. ಆ ಪುಡಿ ಸಿಗಡಿ ಮತ್ತು ಮೀನು ಸಾಕಣೆಯ ಮೇವಿಗೆ ಹೋಗುತ್ತದೆ. ಜಗತ್ತಿನಲ್ಲಿ 2022ರಲ್ಲಿ ಮೊದಲ ಬಾರಿಗೆ ಸಾಕಿದ ಜಲಚರಗಳ ಪ್ರಮಾಣ ಹಿಡಿದವುಗಳನ್ನು ಮೀರಿತು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳಿತು. ಓದಿದವರು ಇನ್ನು ಕಡಲಿಗೆ ವಿಶ್ರಾಂತಿ ಎಂದುಕೊಂಡರು. ಸಾಕಿದ ಸಿಗಡಿಯ ಹೊಟ್ಟೆಗೆ ಹೋಗುವ ಮೇವಿನಲ್ಲಿ ಕಡಲಿನ ಮರಿಮೀನಿದೆ ಎಂಬುದು ದಕ್ಕೆಯಲ್ಲಿ ಲಾರಿ ತುಂಬುವುದನ್ನು ನೋಡಿದರೆ ತಿಳಿಯುತ್ತದೆ. ಅದೇ ಸಂಸ್ಥೆಯ ಅದೇ ವರದಿಯಂತೆ 2021ರಲ್ಲಿ ಜಗತ್ತಿನ ಕಡಲ ಮೀನಿನ ಸಮೂಹಗಳಲ್ಲಿ ಶೇಕಡ 37.7ರಷ್ಟನ್ನು ಮಿತಿ ಮೀರಿ ಹಿಡಿಯಲಾಗುತ್ತಿತ್ತು.

ಬೂತಾಯಿಯ ಏರಿಳಿತ ನಮ್ಮ ಕಣ್ಣೆದುರೇ ಆದದ್ದು. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ನಮ್ಮ ಕಡೆಯೂ ಬರ ಬಂತು, ಬಡವರ ಮೀನು ಎನ್ನಿಸಿಕೊಂಡದ್ದರ ಬೆಲೆ ಬಡವರಿಗೆ ಎಟುಕದಾಯಿತು. ಎಲ್ಲವೂ ಬಲೆಯ ತಪ್ಪಲ್ಲ. 2015ರ ಎಲ್ ನಿನೊ ಎಂಬ ಹವಾಮಾನದ ಏರುಪೇರಿನಿಂದ ಕಡಲು ಬಿಸಿಯಾಗಿತ್ತು, ಬೂತಾಯಿ ನೀರಿನ ಬಿಸಿಗೆ, ಮಳೆಗೆ ಬೇಗ ಸ್ಪಂದಿಸುವ ಮೀನು. ಈಚೆಗೆ ಅದು ಮರಳಿಯೂ ಬಂದಿದೆ. ಆದರೆ ಹವಾಮಾನದ ಏಟು ಬೀಳುವ ಹೊತ್ತಿಗೆ ಮರಿಗಳನ್ನೂ ಹಿಡಿದು ಖಾಲಿ ಮಾಡಿದ್ದರೆ ಚೇತರಿಸಿಕೊಳ್ಳಲು ಉಳಿಯುವುದೇನು? ಕೇರಳ 2015ರಲ್ಲಿ ಒಳ್ಳೆಯ ಕೆಲಸ ಮಾಡಿತು. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್‌ಗಿಂತ ಚಿಕ್ಕದಿದ್ದರೆ ಹಿಡಿಯುವಂತಿಲ್ಲ ಎಂದು ನಿಯಮ ಮಾಡಿತು. ಇದನ್ನು ನಾನು ಮೆಚ್ಚುವುದು ಅದರ ಉದ್ದೇಶಕ್ಕಲ್ಲ, ಅದನ್ನು ದಡದಲ್ಲಿ ಬುಟ್ಟಿ ಸುರಿದು ಅಳೆಯಬಹುದು ಎಂಬುದಕ್ಕೆ.

ದಡಕ್ಕೆ ಇರುವ ಈ ಹಿಡಿತ ಎಷ್ಟು ಗಟ್ಟಿ ಎಂಬುದು ಆಮೆಯ ವಿಷಯದಲ್ಲಿ ಗೊತ್ತಾಯಿತು. ಟ್ರಾಲ್ ಬಲೆಯಲ್ಲಿ ಸಿಕ್ಕ ಆಮೆ ಉಸಿರುಗಟ್ಟಿ ಸಾಯುತ್ತದೆ, ಅದು ತಪ್ಪಿಸಿಕೊಳ್ಳುವ ಬಾಗಿಲೊಂದನ್ನು ಬಲೆಗೆ ಅಳವಡಿಸಬಹುದು ಎಂದು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದರು. ಬೋಟಿನವರು ಕಿವಿಗೊಡಲಿಲ್ಲ, ಸಿಗಡಿಯೂ ಆ ಬಾಗಿಲಲ್ಲಿ ಹೋಗುತ್ತದೆ ಎಂಬ ಭಯ. 2019ರಲ್ಲಿ ಅಮೆರಿಕ ಭಾರತದ ಕಡಲಿನ ಸಿಗಡಿಯನ್ನು ಕೊಳ್ಳುವುದಿಲ್ಲ ಎಂದಿತು. ಆಗ ಎಲ್ಲರಿಗೂ ಆಮೆಯ ನೆನಪಾಯಿತು, ಕೊಚ್ಚಿಯ ಸಂಶೋಧಕರು ರೂಪಿಸಿದ ಸಾಧನವನ್ನು ಬೋಟುಗಳಿಗೆ ಹಂಚುವ ಮಾತು ಶುರುವಾಯಿತು. ದೂರದ ಒಂದು ದೇಶದ ಆಮದು ಬಾಗಿಲು ನಮ್ಮ ಕಡಲಿನಲ್ಲಿ ಮಾಡಿದ ಕೆಲಸವನ್ನು ನಮ್ಮ ಕಾನೂನು ಮಾಡಿರಲಿಲ್ಲ. ಇದು ನನಗೆ ಅಷ್ಟೇನೂ ಸಂತೋಷ ಕೊಡುವ ವಿಷಯವಲ್ಲ.

ಹಡಗುಗಳ ವಿಷಯಕ್ಕೂ ಇದೇ ಅನ್ವಯಿಸುತ್ತದೆ. 2025ರ ಮೇ 25ರಂದು ಕೊಚ್ಚಿಯ ಹೊರಗೆ ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಮುಳುಗಿತು. ಅದರಲ್ಲಿದ್ದ 640 ಕಂಟೇನರುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕು ಇತ್ತು. ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದ ಕಡಲತೀರದವರೆಗೆ ಬಂದು ಬಿದ್ದವು, ಮೀನು ತಿನ್ನಲು ಜನ ಹೆದರಿದರು. ಎರಡು ವಾರದಲ್ಲಿ, ಜೂನ್ 9ರಂದು, ಕೇರಳದ ಉತ್ತರ ಕರಾವಳಿಯಾಚೆ ವಾನ್ ಹೈ 503 ಎಂಬ ಇನ್ನೊಂದು ಕಂಟೇನರ್ ಹಡಗು ಹೊತ್ತಿಕೊಂಡಿತು. ಅದರ 22 ಜನರಲ್ಲಿ 18 ಮಂದಿಯನ್ನು ನೌಕಾಪಡೆ ಪಣಂಬೂರಿಗೆ ಕರೆತಂದಿತು, ನಾಲ್ವರು ಸಿಗಲಿಲ್ಲ. ನಮ್ಮಲ್ಲಿ ನಿಷೇಧದ ಕಾಲವಾದ್ದರಿಂದ ಬೋಟುಗಳು ಕಟ್ಟಿದ್ದವು, ಇಲ್ಲದಿದ್ದರೆ ತೇಲುವ ಕಂಟೇನರುಗಳ ನಡುವೆ ರಾತ್ರಿ ಬಲೆ ಬಿಡುವವರ ಗತಿ ಏನಾಗುತ್ತಿತ್ತೋ.

ಎಲ್ಸಾ ಹಡಗಿನ ಧ್ವಜ ಲೈಬೀರಿಯಾದ್ದು. ಪರಿಹಾರ ಕೇಳಲು ಕೇರಳ ಲೈಬೀರಿಯಾಕ್ಕೆ ಹೋಗಲಿಲ್ಲ. ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿಯ ದಾವೆ ಹೂಡಿತು, ಅದೇ ಕಂಪನಿಯ ಇನ್ನೊಂದು ಹಡಗು ವಿಳಿಂಜಂ ಬಂದರಿಗೆ ಬಂದಿದ್ದಾಗ ಕೋರ್ಟು ಅದನ್ನು ತಡೆದು ನಿಲ್ಲಿಸಿತು. ನಡುಗಡಲಿನಲ್ಲಿ ಯಾರ ಕೈಗೂ ಸಿಗದ ದೊಡ್ಡ ಕಂಪನಿ ಬಂದರಿನಲ್ಲಿ ಸಿಕ್ಕಿತು. ಕೊನೆಗೆ ಮೀನುಗಾರರ ಕೈಗೆ ಎಷ್ಟು ಬರುತ್ತದೆ ಎಂಬುದು ಬೇರೆ ಮಾತು.

ದಡದ ಹಿಡಿತಕ್ಕೆ ಸಿಗದ ಸಂಗತಿಗಳೂ ಇವೆ. ಹಿಂದೂ ಮಹಾಸಾಗರದ ನಡುವೆ, ಐದಾರು ಕಿಲೋಮೀಟರ್ ಆಳದಲ್ಲಿ, ಆಲೂಗಡ್ಡೆ ಗಾತ್ರದ ಲೋಹದ ಗಂಟುಗಳು ಬಿದ್ದಿವೆ. ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್ ಇರುವ ಆ ಗಂಟು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಅವನ್ನು ಶೋಧಿಸಲು ಭಾರತಕ್ಕೆ ಅಂತಾರಾಷ್ಟ್ರೀಯ ಒಪ್ಪಂದದಡಿ 75,000 ಚದರ ಕಿಲೋಮೀಟರ್ ಪ್ರದೇಶ ಸಿಕ್ಕಿದೆ, ಮನುಷ್ಯರನ್ನು 6,000 ಮೀಟರ್ ಆಳಕ್ಕೆ ಒಯ್ಯುವ ಮತ್ಸ್ಯ 6000 ನೌಕೆ ಸಿದ್ಧವಾಗುತ್ತಿದೆ. ಶೋಧನೆಗೆ ನನ್ನ ತಕರಾರಿಲ್ಲ. ಅಗೆಯಲು ಹೊರಟ ದಿನ ತಳದ ಕೆಸರು ಎದ್ದು ಎಲ್ಲಿಗೆ ಹೋಯಿತು ಎಂದು ನೋಡುವವರು ಅಗೆಯುವವರೇ ಆಗಿರುತ್ತಾರೆ, ನನ್ನ ಅನುಮಾನ ಇರುವುದು ಅಲ್ಲಿ. ಯಾವ ದೇಶದ್ದೂ ಅಲ್ಲದ ಕಡಲಿನ ಜೀವಿಗಳನ್ನು ಕಾಪಾಡುವ ಒಪ್ಪಂದಕ್ಕೆ 2023ರಲ್ಲಿ ವಿಶ್ವಸಂಸ್ಥೆಯಲ್ಲಿ ಒಪ್ಪಿಗೆ ಸಿಕ್ಕಿತು. ಭಾರತ 2024ರ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿತು, 2026ರ ಜನವರಿ 17ರಂದು ಅದು ಜಾರಿಗೆ ಬಂತು. ಅಲ್ಲಿ ಮೀಸಲು ಪ್ರದೇಶ ಘೋಷಿಸಬಹುದು ಎಂಬುದು ಒಳ್ಳೆಯದೇ. ಆದರೆ ಎಲ್‌ಇಡಿ ದೀಪದ ಅನುಭವವಿರುವ ನನ್ನಂಥವನು ಕೇಳುವುದು, ಅಲ್ಲಿ ಹಿಡಿದ ಮೀನು ಯಾವ ಬಂದರಿಗೆ ಬರುತ್ತದೆ, ಆ ಬಂದರಿನವರು ಅದನ್ನು ಇಳಿಸಲು ಬಿಡುತ್ತಾರೋ ಇಲ್ಲವೋ ಎಂದು.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ಮೀನು ತಿನ್ನುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ನನ್ನ ಕೆಲಸವೇ ಹೋಗುತ್ತದೆ. ಅಂಗಡಿಯಲ್ಲಿ ಬೆರಳುದ್ದದ ಬಂಗುಡೆ ಅಗ್ಗಕ್ಕೆ ಸಿಕ್ಕರೆ ಕೊಳ್ಳಬೇಡಿ, ಬೇಡ ಎಂದು ಅಂಗಡಿಯವನಿಗೆ ಕೇಳುವಂತೆ ಹೇಳಿ. ಅಂಜಲ್, ಮಾಂಜಿ, ಸಿಗಡಿ ಎಂಬ ಮೂರನ್ನೇ ಹಿಡಿದು ಕೂರಬೇಡಿ, ದಕ್ಕೆಗೆ ಬರುವ ಹತ್ತಾರು ಜಾತಿಯ ಮೀನಿಗೆ ಊಟದ ಬೆಲೆ ಸಿಕ್ಕಷ್ಟೂ ಅವು ಪುಡಿಯ ಕಾರ್ಖಾನೆಗೆ ಹೋಗುವುದು ತಪ್ಪುತ್ತದೆ. ಜೂನ್ ಕೊನೆಯಲ್ಲಿ ‘ಮಂಗಳೂರು ತಾಜಾ ಅಂಜಲ್’ ಎಂಬ ಫಲಕ ಕಂಡರೆ ಎಲ್ಲಿಂದ ಬಂತು ಎಂದು ಕೇಳಿ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಆಮೇಲೆ ಬಂಗಾಳ ಕೊಲ್ಲಿಯ ಮೀನು ಬರುತ್ತದೆ, ಅದು ಸರಿ. ಮಂಗಳೂರಿನದು ಎಂದರೆ ಹಳೆಯ ಐಸಿನದು, ಇಲ್ಲವೇ ಸುಳ್ಳು.

ಇದಕ್ಕಿಂತ ಹೆಚ್ಚು ಬೆಲೆಯ ಕೆಲಸ ಇನ್ನೊಂದಿದೆ. ಕರಾವಳಿಯಲ್ಲಿ ದೊಡ್ಡ ಬಂದರು ಯೋಜನೆಗೆ ಪರಿಸರ ಅನುಮತಿ ಕೇಳುವಾಗ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು, ಅದಕ್ಕೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಭೆಗೆ ಬರಲಾಗದವರು ಲಿಖಿತವಾಗಿಯೂ ಆಕ್ಷೇಪ ಕಳುಹಿಸಬಹುದು. ನಮ್ಮೂರಿನವರು ಸಭೆಯಲ್ಲಿ ಕೂಗಬಲ್ಲರು, ನೂರಾರು ಪುಟದ ವರದಿ ಓದಿ ಪ್ರಶ್ನೆ ಬರೆಯುವ ಪುರುಸೊತ್ತು ಅವರಿಗಿಲ್ಲ. ನಿಮಗೆ ಇದ್ದರೆ ಓದಿ. ಹೂಳೆತ್ತಿದ ಮಣ್ಣನ್ನು ಸಮುದ್ರದಲ್ಲಿ ಎಲ್ಲಿ, ಎಷ್ಟು ಆಳದಲ್ಲಿ, ಯಾವ ತಿಂಗಳಲ್ಲಿ ಸುರಿಯುತ್ತಾರೆ ಎಂಬ ಪುಟವನ್ನು ಮೊದಲು ನೋಡಿ.